ಆಲಕ್ಕೆ ಕಟ್ಟದ ಗಂಟು

ನಿಂಗರಾಜು ಸಿಟ್ಟು ಮಾಡಿಕೊಂಡೇ ಹೋಗಿದ್ದ. ಮಧ್ಯಾಹ್ನ ಹಸು ಈದಿತ್ತು, ಹೆಣ್ಣುಗರು. ಸಂತೋಷಪಡಬೇಕಾದ ಹೊತ್ತಿನಲ್ಲಿ ಗಂಡ ಹೆಂಡಿರಿಬ್ಬರೂ ಜಗಳಕ್ಕೆ ನಿಂತಿದ್ದರು. ಕರುವಿನ ಹಿಂದೆ ಬಿದ್ದ ಮಾಸನ್ನು ತಿಪ್ಪೆಯಲ್ಲಿ ಹೂತರಾಯಿತು ಅಂತ ಅವನು. ನಾಲೆ ಏರಿಯ ಆಲದಮರಕ್ಕೆ ಕಟ್ಟಲೇಬೇಕು ಅಂತ ಸುನಿತಾ. ಮುರಿದರೆ ಹಾಲು ಸುರಿಸುವ ಮರದಲ್ಲಿ ಮಾಸು ತೂಗಿದರೆ ಹಸುವಿನ ಕೆಚ್ಚಲು ಬತ್ತುವುದಿಲ್ಲ ಎಂಬುದು ಆ ಊರಿನವರ ನಂಬಿಕೆ. ಎತ್ತರಕ್ಕೆ ಕಟ್ಟಿದಷ್ಟೂ ಒಳ್ಳೆಯದು, ನಾಯಿಗೂ ಎಟುಕುವುದಿಲ್ಲ. ಸುನಿತಾಳ ಅತ್ತೆ ಪುಟ್ಟಗೌರಮ್ಮ ಇದ್ದಷ್ಟು ದಿನವೂ ಮನೆಯ ಒಂದು ಹಸುವಿನದನ್ನೂ ತಪ್ಪಿಸಿರಲಿಲ್ಲ.

"ಮೋಡ ಮುಚ್ಕಂಡದೆ ಕಣಮ್ಮಿ, ನಾಳಿಕ್ಕೆ ಕಟ್ಟುದ್ರಾಯ್ತದೆ" ಅಂದಿದ್ದ.

"ನಿನ್ ನಾಳಿಕ್ಕೆ ನಂಗೊತ್ತಿಲ್ವಾ? ಈಗ್ಲೇ ವೋಗು. ಮ್ಯಾಲಿನ ಕೊಂಬೆಗೆ ಅತ್ತಿ ಕಟ್ಟು, ಕೆಳಗೇ ಸಿಗಾಕ್ಬುಟ್ಟು ಬರಬ್ಯಾಡ."

ಅವನು ಗೊಬ್ಬರದ ಚೀಲದಲ್ಲಿ ಮಾಸು ಕಟ್ಟಿದ್ದ ಗಂಟನ್ನು ಬೈಕಿನ ಹ್ಯಾಂಡಲಿಗೆ ತಗುಲಿಸಿ, ಕಿಕ್ಕರು ಮುರಿಯುವ ಹಾಗೆ ಒದ್ದು ಹೊರಟ.

ಅವನು ಹೋದ ಸ್ವಲ್ಪ ಹೊತ್ತಿಗೇ ಗಾಳಿ ಎದ್ದಿತು. ಬೇಸಗೆಯ ಗಾಳಿಗೆ ಹೇಳುವವರು ಕೇಳುವವರು ಇರುವುದಿಲ್ಲ. ಕೊಟ್ಟಿಗೆಯ ಶೀಟುಗಳು ಎದ್ದೆದ್ದು ಬಡಿದವು, ಪಕ್ಕದ ಮನೆಯ ನೀರಿನ ಡ್ರಮ್ಮು ಬೀದಿಯುದ್ದಕ್ಕೂ ಉರುಳಿಕೊಂಡು ಹೋಯಿತು. ಆಮೇಲೆ ಆಲಿಕಲ್ಲು. ಸುನಿತಾ ಕರುವನ್ನು ಎದೆಗೆ ಅವಚಿಕೊಂಡು ಮೂಲೆಯಲ್ಲಿ ಕೂತು ಗಂಡನಿಗೆ ಫೋನು ಮಾಡಿದಳು. ರಿಂಗಾಯಿತು. ಎತ್ತಲಿಲ್ಲ. ಮತ್ತೆ ಮಾಡಿದಳು. ಮೊದಲು ಬೈಯಬೇಕೆಂದೇ ಮಾಡಿದ್ದಳು, ನಾಲ್ಕೈದು ಸಲ ಆದ ಮೇಲೆ ಬೈಗುಳ ಮರೆತುಹೋಯಿತು. ಈ ಗಾಳಿಯಲ್ಲಿ ಮರ ಹತ್ತಿರಬಹುದೇ? ಹತ್ತು ಅಂದವಳು ತಾನೇ ಅಲ್ಲವೇ?

ಮಳೆ ನಿಲ್ಲುವ ಮುಂಚೆಯೇ ಪಕ್ಕದ ಮನೆಯ ಮಂಗಳಮ್ಮ ತಲೆಗೆ ಚೀಲ ಹಾಕಿಕೊಂಡು ಬಂದಳು. "ಆಲದಮರ ಬಿದ್ದೋಯ್ತಂತೆ ಕಣವ್ವ."

ಸುನಿತಾ ಕರುವನ್ನು ಅಲ್ಲೇ ಬಿಟ್ಟು ಓಡಿದಳು.

ನಾಲೆ ಏರಿಯ ಮೇಲೆ ರಸ್ತೆಯೇ ಇರಲಿಲ್ಲ. ಇದ್ದದ್ದು ಸೊಪ್ಪು ಮಾತ್ರ, ಮನೆಯೆತ್ತರದ ಹಸಿರು ರಾಶಿ. ಬುಡ ಬೇರು ಸಮೇತ ಎದ್ದು ನಿಂತಿತ್ತು. ಕೆ.ಆರ್.ಪೇಟೆ ಬಸ್ಸಿಗೆ ಅದೇ ಸ್ಟಾಪು, ಮೇಯಲು ಹೋದ ದನಗಳಿಗೆ ಅದೇ ನೆರಳು. ಒಣಗಿ ಕರ್ರಗಾಗಿದ್ದ ಊರಿನ ಅಷ್ಟೂ ಹಸುಗಳ ಗಂಟುಗಳು ಕೆಸರಲ್ಲಿ ಚೆಲ್ಲಿದ್ದವು. ಸುನಿತಾಳಿಗೆ ಇದೊಂದೂ ಕಾಣಲಿಲ್ಲ. ಅವಳು ಬೈಕು ಹುಡುಕುತ್ತಿದ್ದಳು.

ಮರ ಕೊಯ್ಯುವ ಮಿಷನ್ನು ಇಟ್ಟುಕೊಂಡಿದ್ದ ಚಲುವರಾಜು ಆಗಲೇ ಕೊಂಬೆ ಕಡಿಯಲು ಶುರು ಮಾಡಿದ್ದ. ಅವಳನ್ನು ಕಂಡವನು ಮುಖ ತಗ್ಗಿಸಿದ.

"ನಿಂಗಣ್ಣ ಮರದ ಕೆಳಗೆ ಗಾಡಿ ನಿಲ್ಸಿದ್ದ ಕಣಕ್ಕ. ಗಾಳಿ ಬರಕ್ಕೆ ಮುಂಚೆ ನಾನೇ ನೋಡ್ದೆ."

"ಕಡೀರಪ್ಪ" ಅಂದಳು ಸುನಿತಾ. "ಯಾಕೆ ನಿಂತ್ಕಂಡಿದ್ದೀರಿ, ಕಡೀರಿ."

ಕೊಡಲಿ, ಮಚ್ಚು, ಸಿಕ್ಕಿದ್ದು ಹಿಡಿದು ಜನ ನುಗ್ಗಿದರು. ಒಂದು ಕೊಂಬೆ ಎಳೆದರೆ ಅದರ ಹಿಂದೆ ಮತ್ತೊಂದು. ಆಗ ಸುನಿತಾಳಿಗೆ ಹೊಳೆಯಿತು.

"ಮಿಷನ್ ಆಪ್ ಮಾಡು ಚಲುವಣ್ಣ. ಅವ್ನಿಗೆ ಪೋನ್ ಮಾಡ್ತೀನಿ. ಎಲ್ರೂ ಸುಮ್ನಿರಿ."

ಮಿಷನ್ನು ನಿಂತಿತು. ಎಲೆಗಳಿಂದ ನೀರು ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ಅವಳು ಫೋನು ಒತ್ತಿದಳು.

ಕೋಳಿ ಕೂಗಿತು. ನಿಂಗರಾಜು ಇಟ್ಟುಕೊಂಡಿದ್ದ ರಿಂಗ್‌ಟೋನೇ ಅದು, ಸೊಪ್ಪಿನ ರಾಶಿಯ ಆಚೆಯಿಂದ, ಎಲ್ಲೋ ಅಡಿಯಿಂದ ಬಂದ ಹಾಗೆ. ಗಂಡಸರು ಸದ್ದು ಬಂದ ಕಡೆಗೆ ಎಲೆಯೊಳಗೆ ನುಗ್ಗಿದರು. ಹಿಂದೆಯೇ ಓಡಿಬಂದಿದ್ದ ಮಂಗಳಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಕೋಳಿ ಮತ್ತೊಮ್ಮೆ ಕೂಗಿ, ಅರ್ಧಕ್ಕೇ ನಿಂತಿತು.

ಸುನಿತಾ ಫೋನನ್ನೇ ನೋಡಿದಳು.

"ಕಟ್ ಮಾಡ್ದ" ಅಂದಳು. "ನನ್ ಪೋನು ಕಟ್ ಮಾಡ್ದ. ಬದುಕವ್ನೆ."

ಬೇರಿನ ಗುಂಡಿ ಸುತ್ತಿ, ಕೆಸರಲ್ಲಿ ಜಾರಿ ಎದ್ದು ಆಚೆ ಕಡೆಗೆ ಹೋದಳು. ಮರದ ಆ ಬದಿಯಲ್ಲೂ ಒಂದಷ್ಟು ಜನ ನಿಂತು ನೋಡುತ್ತಿದ್ದರು. ಅವರ ನಡುವೆ ನಿಂಗರಾಜು, ಬೈಕಿನ ಮೇಲೆ, ಒಂದು ಕಾಲು ನೆಲಕ್ಕೆ ಊರಿ. ಗಂಟು ಹ್ಯಾಂಡಲಿನಲ್ಲೇ ತೂಗುತ್ತಿತ್ತು.

ಅವಳು ಅವನ ತಲೆ, ಭುಜ, ಕೈ ಎಲ್ಲ ಮುಟ್ಟಿ ನೋಡಿದಳು. ಆಮೇಲೆ ಕೇಳಿದಳು: "ಯಾಕೆ ಎತ್ಲಿಲ್ಲ?"

"ಬೈಯಕ್ಕೇ ಮಾಡ್ತಿದ್ದೀಯ ಅನ್ಕಂಡೆ." ಅವನಿಗೆ ಇನ್ನೂ ಏನೂ ಅರ್ಥವಾಗಿರಲಿಲ್ಲ. "ಮರತಾವ್ ನಿಲ್ಲಿಸ್ದೆ. ನಿನ್ ಮ್ಯಾಲಿನ ಸಿಟ್ಗೆ ಕಟ್ದೇನೆ ಕೆಂಪಣ್ಣನ ಟೀ ಅಂಗ್ಡಿಗೆ ವೋದೆ. ಮಳೆ ಇಡ್ಕತು, ಅಲ್ಲೇ ಕುಂತ್ಕಂಡೆ, ಈಗ ಬತ್ತಾವ್ನಿ."

ಹೇಳುತ್ತ ಹೇಳುತ್ತ ಅವನ ಕಣ್ಣು ಮರದ ತುದಿಗೆ ಹೋಯಿತು. ಅವಳು ಹತ್ತಲು ಹೇಳಿದ್ದ ಮೇಲಿನ ಕೊಂಬೆ ಗದ್ದೆಯ ಕೆಸರಿನಲ್ಲಿ ಅರ್ಧ ಹೂತುಹೋಗಿತ್ತು. ಅವನು ಬೈಕಿನಿಂದ ಇಳಿದ. ಸುನಿತಾ ಅಲ್ಲೇ ಏರಿಯ ಮೇಲೆ ಕೂತು, ಜನ ಇದ್ದಾರೆಂದೂ ನೋಡದೆ ಅತ್ತಳು.

ಅತ್ತು ಮುಗಿದಾಗ ಅವಳಿಗೆ ಮರ ಕಾಣಿಸಿತು. ಮುರಿದ ಕಡೆಯಲ್ಲೆಲ್ಲ ಬಿಳೀ ಹಾಲು ಒಸರಿ ಕೆಸರಿಗೆ ಬೀಳುತ್ತಿತ್ತು. ಅತ್ತೆ ಕಟ್ಟಿಸಿದ ಗಂಟುಗಳು ಯಾವುವೋ, ಯಾರ ಮನೆಯವು ಯಾವುವೋ, ಒಂದೂ ಗುರುತು ಹತ್ತುವಂತಿರಲಿಲ್ಲ. ಇನ್ನು ಈ ಏರಿಯ ಮೇಲೆ ಬರೀ ಬಿಸಿಲು ಅನ್ನಿಸಿ ಅವಳಿಗೆ ಸಂಕಟವಾಯಿತು.

ಎದ್ದು ಹ್ಯಾಂಡಲಿನಿಂದ ಗಂಟು ಬಿಚ್ಚಿಕೊಂಡು ಗದ್ದೆಗೆ ಇಳಿದಳು. ಆ ಮೇಲಿನ ಕೊಂಬೆ ಈಗ ಅವಳ ಎದೆಯ ಮಟ್ಟಕ್ಕಿತ್ತು.

"ನಾಯಿ ಎಳ್ಕಂಡೋಯ್ತವೆ ಕಣಮ್ಮಿ" ಅಂದ ನಿಂಗರಾಜು, ಹಿಂದೆಯೇ ಬಂದು.

"ಎಳ್ಕಂಡೋಗ್ಲಿ."

ಹಗ್ಗ ಬಿಗಿಯಾಗಲಿಲ್ಲ. ಅವನು ಅಲುಗಾಡುತ್ತಿದ್ದ ಕೊಂಬೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತ.

"ಇನ್ಮ್ಯಾಕೆ ಬೈಯಕ್ಕೇ ಮಾಡುದ್ರೂ ಎತ್ತು" ಅಂದಳು, ತಲೆಯೆತ್ತದೆ.

"ಊಂ" ಅಂದ ಅವನು.