ಬೆಟ್ಟವನ್ನು ಬೈದವಳು

ಊರು ಬಿಟ್ಟು ಬಂದವರನ್ನು ಇಳಿಸಿದ್ದ ಶಾಲೆಯ ಕೊಠಡಿಯಲ್ಲಿ ಕಣ್ಣು ಬಿಟ್ಟ ತುಗಿನೆಮ್‌ಗೆ ಪಕ್ಕದ ಚಾಪೆ ಖಾಲಿ ಕಂಡಿದ್ದೇ ತಡ, ಮೈಯೆಲ್ಲ ಉರಿದುಹೋಯಿತು. ಗಂಡ ಪರ್ಜಿಯೊ ಹೇಳದೆ ಕೇಳದೆ ಮತ್ತೆ ಬೆಟ್ಟ ಹತ್ತಿದ್ದ.

“ಹಸುಗೆ ಹುಲ್ಲು ಹಾಕಿ ಬಂದುಬಿಡ್ತೀನಿ ಅಂದ್ರು ಅಕ್ಕ. ನಿಮ್ಮನ್ನ ಎಬ್ಬಿಸ್ಬೇಡ ಅಂದ್ರು,” ಅಂದಳು ರುಬಿಯಾ. ಊರಲ್ಲಿ ಅವಳದು ಇವರ ಮನೆಗಿಂತ ಸ್ವಲ್ಪ ಮೇಲಿನ ಮನೆ, ಇಲ್ಲಿ ಆಚೆ ಚಾಪೆ. “ನಮ್ಮ ವಾರ್ಸಿತೊನೂ ಜೊತೆಗೇ ಹೋದ.”

“ಎಬ್ಬಿಸ್ಬೇಡ ಅಂದ್ರಂತೆ! ಎದ್ರೆ ಕಾಲು ಮುರೀತಾಳೆ ಅಂತ ಗೊತ್ತಲ್ಲ ಅವರಿಗೆ. ಮಗನ್ನ ನೀನ್ಯಾಕೆ ಬಿಟ್ಟೆ?”

“ಮದುವೆ ಗೊತ್ತಾಗಿರೋ ಗಂಡು, ನನ್ನ ಮಾತು ಕೇಳ್ತಾನಾ? ನನಗೆ ಬೈಯೋಕಾದ್ರೂ ಎಲ್ಲಿ ಬರುತ್ತೆ?”

ಅದು ನಿಜ. ರುಬಿಯಾ ಜಗಲಿ ಹತ್ತಿದ ಕೋಳಿಯನ್ನೂ ‘ಹೋಗಮ್ಮ’ ಎಂದು ಕೇಳಿಕೊಂಡು ಓಡಿಸುವ ಹೆಂಗಸು. ಗಂಡ ಸತ್ತ ಮೇಲೆ ಅವಳಿಗಿದ್ದವನು ಆ ಮಗನೊಬ್ಬನೇ.

ಊರಿನ ನೆತ್ತಿಯ ಮೇಲಿದ್ದ ಬೆಂಕಿಬೆಟ್ಟ ಮೆರಾಪಿ ಹೊಗೆಯಾಡಲು ಶುರುಮಾಡಿ ಬಹಳ ದಿನವಾಗಿತ್ತು. ಊರವರು ಅದನ್ನು ಬೆಟ್ಟ ಎನ್ನುತ್ತಿರಲಿಲ್ಲ, ಅಜ್ಜ ಎನ್ನುತ್ತಿದ್ದರು. ಸಿಡಿಯಿತು, ಉಗುಳಿತು ಎಂಬ ಮಾತು ಬಾಯಲ್ಲಿ ಬರಕೂಡದು. ಅಜ್ಜನ ಮನೆಯಲ್ಲಿ ಸಮಾರಂಭ ಎನ್ನಬೇಕು. ಅದರತ್ತ ಬೆರಳು ತೋರಿಸಬಾರದು. ಬೈಯುವುದಂತೂ ಕನಸಿನಲ್ಲೂ ಇಲ್ಲ. ಬೈದವರನ್ನು ಅಜ್ಜ ಸುಮ್ಮನೆ ಬಿಡುವುದಿಲ್ಲ ಎಂದು ಅಂಬೆಗಾಲಿಡುವ ಕೂಸಿಗೂ ಗೊತ್ತು. ಅಧಿಕಾರಿಗಳು ಬಂದು ಊರು ಖಾಲಿ ಮಾಡಿಸಿದರು, ಹಸುಗಳನ್ನು ನಾಳೆ ಲಾರಿಯಲ್ಲಿ ತರಿಸುತ್ತೇವೆ ಅಂದರು. ಆ ಹಾಳು ನಾಳೆ ಬರಲೇ ಇಲ್ಲ. ಹೊತ್ತು ಹೊತ್ತಿಗೆ ನೂಡಲ್ಸ್ ಮಾತ್ರ ಬಂತು. ಹಸು ನೂಡಲ್ಸ್ ತಿನ್ನುತ್ತದೆಯೇ? ಹಾಗಾಗಿ ಗಂಡಸರು ದಿನಾ ಬೆಳಿಗ್ಗೆ ಪೊಲೀಸರ ಅಡ್ಡಗಂಬ ದಾಟಿ ಮೇಲೆ ಹೋಗಿ ಹುಲ್ಲು ಹಾಕಿ, ಹಾಲು ಕರೆದು ಬರುತ್ತಿದ್ದರು. ಪೊಲೀಸರು ಕಂಡೂ ಕಾಣದ ಹಾಗೆ ಇದ್ದರು.

ಉರಿಯುವ ಬೆಂಕಿಗೆ ತುಪ್ಪ ಸುರಿದವನು ಊರ ಹಿರಿಯ ಸಾಸ್ತ್ರೊ. “ಅಜ್ಜನ ಮನೆ ಬಾಗಿಲು ಇರೋದು ನಮ್ಮ ತೆಂಕಣ ಮಗ್ಗುಲಿಗೆ ಕಣ್ರಪ್ಪ. ಯಾರಾದ್ರೂ ಮುಂದಿನ ಅಂಗಳಕ್ಕೆ ಕಸ ಚೆಲ್ತಾರಾ? ಕಸ ಹೋಗೋದು ಹಿತ್ತಲಿಗೆ, ಪಡುವಣಕ್ಕೆ,” ಎಂದು ಮೀಸೆ ತಿರುವಿ ಹೇಳುತ್ತಿದ್ದ. ಅಪ್ಪ ತಾತಂದಿರ ಕಾಲದಿಂದ ಬೆಂಕಿ ಪಡುವಣಕ್ಕೇ ಇಳಿದಿತ್ತಾದ್ದರಿಂದ ಎಲ್ಲರೂ ತಲೆಯಾಡಿಸುತ್ತಿದ್ದರು. ಹೀಗೆ ಹೇಳಿದ ಸಾಸ್ತ್ರೊ ಮಾತ್ರ ಒಂದು ದಿನವೂ ಮೇಲೆ ಹೋಗಲಿಲ್ಲ. ಫ್ಯಾನಿನ ಕೆಳಗೆ ಜಾಗ ಹಿಡಿದು ಬಿದ್ದುಕೊಂಡಿದ್ದ. ಅವನನ್ನು ಕಂಡರೆ ತುಗಿನೆಮ್‌ಗೆ ಎರಡು ಬಾರಿಸುವಷ್ಟು ಸಿಟ್ಟು.

ಅವತ್ತು ಶಾಲೆಯ ಕಿಟಕಿಗಾಜುಗಳು ಬೆಳಗಿನಿಂದ ಒಂದೇ ಸಮ ಗಲಗಲ ಅನ್ನುತ್ತಿದ್ದವು. ಬೇರೆ ದಿನ ನಡುನಡುವೆ ನಿಲ್ಲುತ್ತಿದ್ದ ನಡುಕ ಅವತ್ತು ನಿಲ್ಲುತ್ತಲೇ ಇರಲಿಲ್ಲ. ತುಗಿನೆಮ್ ಸೋಯಾ ಕಾಳಿನ ಟೆಂಪೆ ಮಾರುವವನ ಕೈಯಿಂದ ಬೈಕಿನ ಬೀಗದ ಕೈ ಕಿತ್ತುಕೊಂಡು ಹೊರಟಳು.

“ಇವತ್ತು ಯಾರನ್ನೂ ಬಿಡೋ ಹಾಗಿಲ್ಲಮ್ಮ,” ಅಂದ ಅಡ್ಡಗಂಬದ ಪೊಲೀಸಿನವನು.

“ಬೆಳಿಗ್ಗೆ ನನ್ನ ಗಂಡನ್ನ ಬಿಟ್ಟೆಯಲ್ಲ, ಆಗೆಲ್ಲಿ ಮೇಯೋಕೆ ಹೋಗಿತ್ತು ನಿನ್ನ ರೂಲ್ಸು? ಸರಿ, ನೀನೇ ಹೋಗಿ ಕರ್ಕೊಂಡ್ಬಾ. ಅಲ್ಲೀವರೆಗೂ ನಿನ್ನ ಟೋಪಿ ಹಾಕ್ಕೊಂಡು ನಾನಿಲ್ಲಿ ನಿಂತಿರ್ತೀನಿ.”

ಅವನು ತೆಪ್ಪಗೆ ಗಂಬ ಎತ್ತಿದ.

ಊರೆಲ್ಲ ಬೂದಿ. ಬಾಳೆಗಿಡಗಳು ಬೂದಿಯ ಭಾರಕ್ಕೆ ಮುರಿದು ಬಿದ್ದಿದ್ದವು. ಕೊಟ್ಟಿಗೆಯಲ್ಲಿ ಪರ್ಜಿಯೊ ಗಬ್ಬದ ಹಸುವಿನ ಮೈ ತೊಳೆಯುತ್ತ ಆರಾಮಾಗಿ ಕೂತಿದ್ದ. ಅವರಿಗೆ ಮಕ್ಕಳಿಲ್ಲ, ಮನೆಯೆಂದರೆ ಅವನೂ ಅವಳೂ, ಈ ಒಂದು ಸೀಮೆ ಹಸುವೂ.

“ಬಂದೆಯಾ? ನೋಡು, ಬಾಲದ ಬುಡ ಸಡಿಲ ಆಗಿದೆ. ಇವತ್ತೋ ನಾಳೆಯೋ ಕರು ಹಾಕುತ್ತೆ. ನಾನು ಇಲ್ಲೇ ಇರ್ತೀನಿ.”

“ಇಲ್ಲೇ ಇರ್ತೀರಾ? ನೆಲ ನಡುಗ್ತಿರೋದು ಕಾಲಿಗೆ ತಿಳೀತಿಲ್ವಾ?”

“ಸಮಾರಂಭ ಅಂದ್ಮೇಲೆ ಗದ್ದಲ ಇರೋದೇ. ನಾವು ಮುಂದಿನ ಅಂಗಳದವರು, ನಮಗೇನು?”

ಅವಳು ಬೇಡಿಕೊಂಡಳು. ಅಂಗಿ ಹಿಡಿದು ಜಗ್ಗಿದಳು. ಕೊನೆಗೆ ಅತ್ತೂಬಿಟ್ಟಳು. ಅವನು ಮಗುವನ್ನು ಸಮಾಧಾನ ಮಾಡುವವನ ಹಾಗೆ ನಕ್ಕು ಹಸುವಿನ ಬೆನ್ನು ಸವರಿದ. ಆ ನಗು ಕಂಡದ್ದೇ ಅವಳ ತಾಳ್ಮೆಯ ಕಟ್ಟೆ ಒಡೆಯಿತು. ದಡದಡನೆ ಅಂಗಳಕ್ಕೆ ಹೋಗಿ, ಬೆಟ್ಟದ ನೆತ್ತಿಗೇ ಬೆರಳು ಮಾಡಿ ನಿಂತಳು.

“ಏ ಮುದುಕಾ! ಕೇಳಿಸ್ತಾ? ನಿನಗೇ ಹೇಳ್ತಿರೋದು! ನಿನ್ನ ಸಮಾರಂಭಕ್ಕಿಷ್ಟು ಬೆಂಕಿ ಬೀಳ! ವರ್ಷ ವರ್ಷ ಅನ್ನ ತಂದು ಸುರಿದ್ವಿ, ಕೋಳಿ ತಂದು ಸುರಿದ್ವಿ, ಬಕಾಸುರನ ಹಾಗೆ ನುಂಗಿದೆ. ಇನ್ನೂ ಹೊಟ್ಟೆ ತುಂಬಿಲ್ವಾ ನಿನಗೆ? ಈಗ ನನ್ನ ಗಂಡ ಬೇಕಾ?”

ಕೊಟ್ಟಿಗೆಯಲ್ಲಿ ಬಕೆಟ್ಟು ಉರುಳಿತು. “ಅಯ್ಯೋ! ಬಾಯಿ ಮುಚ್ಚೇ! ಬೆರಳು ಇಳಿಸೇ!” ಎಂದು ಪರ್ಜಿಯೊ ಓಡಿಬಂದ. ಬೂದಿಗೂ ನಡುಕಕ್ಕೂ ಜಗ್ಗದ ಗಂಡಸಿನ ಮುಖದಲ್ಲಿ ಈಗ ರಕ್ತವೇ ಇರಲಿಲ್ಲ.

ತುಗಿನೆಮ್ ಅದನ್ನು ಕಂಡಳು. ಇಷ್ಟು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಯಾವ ಹಗ್ಗ ಎಳೆದರೆ ಈ ಎತ್ತು ಏಳುತ್ತದೆಂದು ತಕ್ಷಣ ತಿಳಿಯಿತು. ದನಿ ಇನ್ನೂ ಏರಿಸಿದಳು.

“ಊರೋರ ತಲೆ ಮೇಲೆ ಕೆಮ್ಮೋದು ಬಿಟ್ಟು ಏನು ಬರುತ್ತೋ ನಿನಗೆ, ದರಿದ್ರ ಮುದಿಯಾ? ಗಂಡಸಾದ್ರೆ ಬಾ, ಈಗಲೇ ಬಾ! ನಾನೂ ನೋಡೇಬಿಡ್ತೀನಿ!”

“ಅಜ್ಜಾ, ಬುದ್ಧಿ ಇಲ್ಲದೋಳು, ಅಂದದ್ದನ್ನ ಹೊಟ್ಟೆಗೆ ಹಾಕ್ಕೊ!” ಪರ್ಜಿಯೊ ಬೆಟ್ಟಕ್ಕೆ ಕೈಮುಗಿದು, ಓಡಿಹೋಗಿ ಹಸುವಿನ ಹಗ್ಗ ಬಿಚ್ಚಿದ. “ನಡಿ, ನಡಿ. ಇನ್ನಿಲ್ಲಿ ಒಂದು ಗಳಿಗೆ ನಿಲ್ಲೋ ಹಾಗಿಲ್ಲ. ಮನೆ ಹಾಳು ಮಾಡಿಟ್ಟೆಯಲ್ಲೇ ಮಾರಾಯ್ತಿ!”

“ವಾರ್ಸಿತೊನ್ನೂ ಕರೀರಿ.”

ಪರ್ಜಿಯೊ ಬೇಲಿಯ ಹತ್ತಿರ ಹೋಗಿ ಕೂಗಿದ. ಮೇಲಿನ ಮನೆಯ ಹಿಂದಿನ ಹುಲ್ಲುಗಾವಲಿನಿಂದ ಉತ್ತರ ಬಂತು: “ಇನ್ನೆರಡು ಹೊರೆ ಹುಲ್ಲು ಅಷ್ಟೇ ದೊಡ್ಡಪ್ಪ! ನೀವು ನಡೀರಿ!”

ತುಗಿನೆಮ್‌ಳ ಗಂಟಲು ಒಡೆದುಹೋಗಿತ್ತು. ಮೇಲೆ ಹತ್ತಿ ಹೋದರೆ ಅಷ್ಟರಲ್ಲಿ ಗಂಡನ ಮನಸ್ಸು ತಿರುಗಿಬಿಟ್ಟರೆ ಎಂಬ ಹೆದರಿಕೆ ಬೇರೆ. ಹುಡುಗ ಬರುತ್ತಾನೆ ಬಿಡು ಅಂದುಕೊಂಡು, ಬೈಕನ್ನು ಅಲ್ಲೇ ಬಿಟ್ಟು ಹಸುವಿನ ತೊಡೆಗೆ ಒಂದು ಬಾರಿಸಿ ಇಳಿಜಾರಿಗೆ ಹೊಡೆದಳು.

ಮಧ್ಯಾಹ್ನ ಕಳೆದಿತ್ತು. ಅಡ್ಡಗಂಬ ದಾಟಿ ಬಹಳ ಕೆಳಗೆ, ಮರಳಿನ ಲಾರಿಯೊಂದಕ್ಕೆ ಹಸುವನ್ನು ಹತ್ತಿಸುತ್ತಿದ್ದಾಗ ಬೆಟ್ಟ ಒಡೆಯಿತು. ಸದ್ದು ಕಿವಿಗಿಂತ ಮೊದಲು ಎದೆಗೆ ಬಡಿಯಿತು. ಬೂದು ಬಣ್ಣದ ಮೋಡ ಕುರಿಹಿಂಡಿನ ಹಾಗೆ ಉರುಳುರುಳಿ ಇಳಿಯಿತು, ಪಡುವಣಕ್ಕಲ್ಲ, ನೇರವಾಗಿ ತೆಂಕಣಕ್ಕೆ. ಮುಂದಿನ ಅಂಗಳವಂತೆ! ಅದಕ್ಕೆ ಯಾವ ಅಂಗಳ, ಯಾವ ಹಿತ್ತಲು? ನೋಡನೋಡುತ್ತಿದ್ದಂತೆ ಊರಿದ್ದ ಜಾಗ ಕಾಣದಾಯಿತು. ಹಗಲಲ್ಲೇ ಕತ್ತಲು ಕವಿದು ಬಿಸಿ ಬೂದಿ, ಕಲ್ಲಿನ ಚೂರು ಲಾರಿಯ ಮೇಲೆ ಸುರಿಯಿತು. ಮೇಲಿದ್ದವರಲ್ಲಿ ಒಬ್ಬರೂ ಇಳಿದು ಬರಲಿಲ್ಲ.

ವಾರ್ಸಿತೊನನ್ನು ಆಮೇಲೆ ತಂದರು. ಮುಖ ನೋಡಬೇಡಿ ಅಂದರು. ಸೊಂಟದಲ್ಲಿದ್ದ ಕುಡುಗೋಲಿನಿಂದ ಗುರುತು ಹಿಡಿದರು.

ಮಣ್ಣು ಮಾಡಿ ಬಂದ ಸಂಜೆಯೇ ಶಾಲೆಯಲ್ಲಿ ಪಿಸುಪಿಸು ಶುರುವಾಯಿತು. ತುಗಿನೆಮ್ ಒಳಗೆ ಬಂದರೆ ಹೆಂಗಸರು ಚಾಪೆ ಎಳೆದುಕೊಂಡು ದೂರ ಸರಿದರು. ಸಾಸ್ತ್ರೊ ಎಲ್ಲರ ನಡುವೆ ನಿಂತು ಗಂಟಲು ಸರಿಮಾಡಿಕೊಂಡ.

“ಅಜ್ಜ ಎಂದೂ ಈ ಕಡೆ ಇಳಿದವನಲ್ಲ. ಅಂಗಳದಲ್ಲಿ ನಿಂತು ‘ಗಂಡಸಾದ್ರೆ ಬಾ’ ಅಂದ್ರೆ ಬರದೆ ಇರ್ತಾನಾ? ಒಬ್ಬಳ ನಾಲಗೆಗೆ ಇಷ್ಟು ಜನ ಹೋದ್ರು. ಇವಳು ತಪ್ಪೊಪ್ಪಿಕೊಂಡು ಅಜ್ಜನಿಗೆ ತಪ್ಪುಕಾಣಿಕೆ ಅಂತ ಅನ್ನದ ಗೋಪುರ ಒಪ್ಪಿಸ್ಬೇಕು.”

“ಯಾರು ಹೇಳಿದ್ದು ನಿನಗೆ?” ತುಗಿನೆಮ್ ಕೇಳಿದಳು. ಮೂಲೆಯಲ್ಲಿ ಪರ್ಜಿಯೊ ತಲೆ ತಗ್ಗಿಸಿದ. ಹೆದರಿಕೆ ತಾಳಲಾರದೆ ಅವನೇ ಹೋಗಿ ಬಾಯಿ ಬಿಟ್ಟಿದ್ದ. ಬದುಕಿಸಿ ತಂದದ್ದಕ್ಕೆ ಒಳ್ಳೆ ಉಡುಗೊರೆ!

“ಬೈದೆ ಕಣೋ! ಹೌದು, ಬೈದೆ!” ಅವಳು ಸಾಸ್ತ್ರೊವಿನ ಮುಖಕ್ಕೇ ಹೋಗಿ ನಿಂತಳು. “ಬೈದೋಳ ಗಂಡ ಇಲ್ಲಿ ಕೂತು ಉಸಿರಾಡ್ತಿದ್ದಾನೆ. ನಿನ್ನ ಅಂಗಳದ ಕಥೆ ನಂಬಿದೋರು ಮಣ್ಣಲ್ಲಿದ್ದಾರೆ. ಅಷ್ಟು ನಂಬಿಕೆ ಇದ್ರೆ ನೀನ್ಯಾಕೋ ಇಲ್ಲಿ ಫ್ಯಾನಿನ ಕೆಳಗೆ ಬಿದ್ದಿದ್ದೆ? ಗೋಪುರ ನಾನು ಒಪ್ಪಿಸ್ಬೇಕಾ, ನೀನಾ?”

ಆಗ ಗೋಡೆಗೊರಗಿ ಕೂತಿದ್ದ ರುಬಿಯಾ ಎದ್ದಳು. ಜನ ದಾರಿ ಬಿಟ್ಟರು. ಈಗ ಹೊಡೆಯುತ್ತಾಳೆ ಅಂದುಕೊಂಡರು. ತುಗಿನೆಮ್‌ಳೂ ಹಾಗೇ ಅಂದುಕೊಂಡು, ಹೊಡೆಯಲಿ ಎಂದು ನಿಂತಳು.

ರುಬಿಯಾ ಹೊಡೆಯಲಿಲ್ಲ. ಅವಳ ಎರಡೂ ಕೈ ಹಿಡಿದುಕೊಂಡಳು.

“ನಿಮ್ಮ ಬೈಗುಳಕ್ಕೆ ಹೆದರಿ ಅಣ್ಣ ಓಡಿಬಂದ್ರಂತೆ. ಹೌದಾ ಅಕ್ಕ?”

“ಹೂಂ.”

“ಮತ್ತೆ ನಮ್ಮ ಅಂಗಳ ಎಷ್ಟು ದೂರ ಇತ್ತು ಅಕ್ಕ? ನನಗೆ ಬೈಯೋಕೆ ಬರಲ್ಲ ಅಂತ ನಿಮಗೆ ಗೊತ್ತಿತ್ತಲ್ಲ. ಅಲ್ಲೂ ಬಂದು, ನನ್ನ ಮಗನಿಗೆ ಕೇಳೋ ಹಾಗೆ, ಯಾಕೆ ಬೈಲಿಲ್ಲ?”

ತುಗಿನೆಮ್ ಬಾಯಿ ತೆರೆದಳು. ಪೊಲೀಸಿನವನಿಗೆ, ಹಿರಿಯನಿಗೆ, ಬೆಟ್ಟಕ್ಕೆ ಉತ್ತರ ಕೊಟ್ಟ ಬಾಯಿ ಅದು. ರುಬಿಯಾ ಕೈ ಬಿಡದೆ, ಉತ್ತರಕ್ಕಾಗಿ ಅವಳ ಮುಖವನ್ನೇ ನೋಡುತ್ತ ನಿಂತಿದ್ದಳು.