ಅಳಿವೆಯ ಬಾಯಲ್ಲಿ ಅತ್ತೆ-ಸೊಸೆ

ಸೊಂಟ ಹಿಡಿದುಕೊಂಡು ಗಂಡ ಹಾಸಿಗೆ ಸೇರಿದ್ದೇ ತಡ, ಅವನ ಪುಟ್ಟ ದೋಣಿಯ ಮೇಲೆ ಮೈದುನನ ಕಣ್ಣು ಬಿತ್ತು. "ಸುಮ್ನೆ ಜೆಟ್ಟಿಗೆ ಕಟ್ಟಿ ಯಾಕೆ ಕೊಳೆಸ್ತೀಯ ಅಣ್ಣ, ನಂಗೆ ಕೊಡು, ನನ್ನ ದೊಡ್ಡ ದೋಣಿ ಜೊತೆ ಇದನ್ನೂ ಓಡಿಸ್ತೀನಿ" ಎಂದು ಹಾಸಿಗೆಯ ಪಕ್ಕ ಕೂತು ಬೆಣ್ಣೆ ಹಚ್ಚತೊಡಗಿದ. ಬಾಗಿಲ ಬಳಿ ಬಲೆಯ ಹರುಕು ಹೆಣೆಯುತ್ತಿದ್ದ ಅವಳ ಬಾಯಿಂದ, ಅವಳಿಗೇ ಗೊತ್ತಾಗದ ಹಾಗೆ, "ದೋಣಿ ನಾನೇ ತಗೊಂಡು ಹೋಗ್ತೀನಿ" ಎಂಬ ಮಾತು ಬಿದ್ದುಬಿಟ್ಟಿತು.

ಮೈದುನ ನಕ್ಕ. ಗಂಡ ನಗಲು ಹೋಗಿ ಸೊಂಟದಲ್ಲಿ ಚಳುಕು ಹೊಡೆದು "ಅಯ್ಯಮ್ಮಾ" ಎಂದ.

"ಇಂಜಿನ್ ಓಡ್ಸೋಕೆ ಬರತ್ತೆ ನಿಂಗೆ, ಒಪ್ಕೊಂಡೆ. ನೀರು ಗೊತ್ತಾ?" ಗಂಡನೇ ಕೇಳಿದ.

"ಇಳಿತದ ಜೊತೆ ಹೋಗೋದು, ಉಬ್ಬರದ ಜೊತೆ ಬರೋದು. ಅಷ್ಟೇ ತಾನೆ?"

"ಅಷ್ಟೇ ಅಂತೆ! ಕೇಳಿದ್ಯೇನೋ?"

ಅಣ್ಣತಮ್ಮ ಸೇರಿ ಕೊನೆಗೊಂದು ಷರತ್ತು ಕಟ್ಟಿದರು. ಹೊಳೆ ಸಮುದ್ರ ಸೇರುವ ಅಳಿವೆಯನ್ನು ದಾಟಿ ಹೊರಗೆ ಹೋಗಿ, ಗಾಳ ಹಾಕಿ, ಯಾರ ಹಗ್ಗಕ್ಕೂ ಕೈಯೊಡ್ಡದೆ ಜೆಟ್ಟಿ ಮುಟ್ಟಿದರೆ ದೋಣಿ ಅವಳ ಕೈಗೆ. ಯಾರಾದರೂ ಎಳೆದು ತರಬೇಕಾಯಿತೋ, ಮಾರನೆಯ ದಿನದಿಂದ ಮೈದುನನ ಕೈಗೆ.

ಮದುವೆಯಾದಾಗಿನಿಂದ ಅವಳು ದಡದಲ್ಲಿ ನಿಂತು ಕಾದವಳು. ಹಣೆಗೆ ಅಂಗೈ ಅಡ್ಡ ಹಿಡಿದು ನೀರಿನ ಕಡೆ ನೋಡಿ ನೋಡಿ ಕಣ್ಣಿನ ಸುತ್ತ ಸುಕ್ಕು ಬಿದ್ದಿತ್ತು. ತಾನು ಯಾರನ್ನೂ ಒಂದು ದಿನವೂ ಕಾಯಿಸಿದವಳಲ್ಲ. ಈ ಆಸೆಯನ್ನು ಯಾರ ಮುಂದೆ ಹೇಳಿಕೊಂಡರೂ ತಲೆ ಕೆಟ್ಟಿದೆ ಎನ್ನುತ್ತಿದ್ದರು, ಅದಕ್ಕೇ ಹೇಳಿರಲಿಲ್ಲ.

ಹೊರಡುವ ಹೊತ್ತಿಗೆ ನೋಡಿದರೆ ಅತ್ತೆ ಆಗಲೇ ದೋಣಿಯಲ್ಲಿ ಕಾಲು ಚಾಚಿ ಕೂತಿದ್ದಾರೆ.

"ನೀವೆಲ್ಲಿಗೆ ಅತ್ತೆ?"

"ಗಂಡ, ಇಬ್ಬರು ಮಕ್ಕಳು, ಮೂರು ಜನ ಗಂಡಸರನ್ನ ಸಮುದ್ರಕ್ಕೆ ಕಳಿಸಿದೀನಿ ಕಣೇ. ಅಲ್ಲೇನಿದೆ ಅಂತ ಒಬ್ಬನೂ ನೆಟ್ಟಗೆ ಹೇಳಿಲ್ಲ. ನೋಡ್ಕೊಂಡು ಬರ್ತೀನಿ. ಬಿಡು ಗಾಡಿ."

ಇಳಿತದ ನೀರು ತವರಿಗೆ ಹೊರಟ ಹೆಣ್ಣಿನ ಹಾಗೆ ಅವಸರದಲ್ಲಿತ್ತು. ಇಂಜಿನ್ನಿಗೆ ಹೆಚ್ಚು ಕೆಲಸವಿಲ್ಲದೆ ದೋಣಿ ಅಳಿವೆ ದಾಟಿತು. ಹೊರಗಿನ ಕರಿಬಂಡೆಯ ಹತ್ತಿರ ಲಂಗರು ಇಳಿಸಿ ಇಬ್ಬರೂ ಗಾಳ ಹಾಕಿದರು. ಮೊದಲ ಮೀನು ಅತ್ತೆಗೇ ಸಿಕ್ಕಿತು. ಮಾರುಕಟ್ಟೆಯಲ್ಲಿ ಸತ್ತ ಮೀನಿನ ಕಿವಿರು ಎತ್ತಿ ನೋಡಿ ಅಭ್ಯಾಸವಿದ್ದ ಅತ್ತೆ, ಇದು ಬಾಲದಿಂದ ಕೆನ್ನೆಗೆ ಬಾರಿಸಿದಾಗ "ಮುಂಡೇದೇ!" ಎಂದು ಅದಕ್ಕೆ ತಿರುಗಿ ಒಂದು ಬಾರಿಸಿದರು.

ಅವಳ ಕಣ್ಣು ಮಾತ್ರ ಬಂಡೆಯ ಮೇಲೇ ಇತ್ತು. ಒದ್ದೆ ಗುರುತಿನಿಂದ ಕೆಳಕೆಳಗೆ ಜಾರುತ್ತಿದ್ದ ನೀರು ಒಂದು ಹೊತ್ತಿಗೆ ಜಾರುವುದನ್ನು ನಿಲ್ಲಿಸಿತು. ಇಳಿತ ಮುಗಿಯಿತು, ಇನ್ನು ಮನೆ ದಾರಿ. ಖುಷಿಯಿಂದ ಲಂಗರು ಎತ್ತಿದಳು.

ಅಳಿವೆಯ ಬಾಯಿಗೆ ಬಂದರೆ ಇಂಜಿನ್ ಗಂಟಲು ಹರಿದುಕೊಳ್ಳುತ್ತಿದೆ, ದಡದ ಐಸ್ ಕಾರ್ಖಾನೆಯ ತಗಡಿನ ಗೋಡೆ ಪಕ್ಕದಿಂದ ಅಲ್ಲಾಡುತ್ತಿಲ್ಲ. ಆಮೇಲೆ ಅಲ್ಲಾಡಿತು.

"ಏ, ಗೋಡೆ ಮುಂದಕ್ಕೆ ಹೋಗ್ತಿದೆಯಲ್ಲೇ!"

"ಗೋಡೆ ಎಲ್ಲಿಗೂ ಹೋಗ್ತಿಲ್ಲ ಅತ್ತೆ. ನಾವು ಹಿಂದಕ್ಕೆ ಹೋಗ್ತಿದೀವಿ."

ನೀರು ಇಳಿಯುವುದನ್ನು ನಿಲ್ಲಿಸಿದೆ, ಹರಿಯುವುದನ್ನು ನಿಲ್ಲಿಸಿಲ್ಲ. ಹೊಳೆಯ ಹೊಟ್ಟೆಯಲ್ಲಿ ಉಳಿದದ್ದೆಲ್ಲ ಇನ್ನೂ ಹೊರಗೆ ನುಗ್ಗುತ್ತಿದೆ. ಇದು ಅವಳಿಗೆ ಹೊಳೆದಿರಲೇ ಇಲ್ಲ. ದಡದ ಕಲ್ಲುಗಳ ಹತ್ತಿರಕ್ಕೆ ಸರಿದು ಮತ್ತೆ ಲಂಗರು ಬಿಟ್ಟಳು.

ಯಾರೋ ಹೇಳಿ ಕಳಿಸಿದ ಹಾಗೆ ಮೈದುನ ಸಮುದ್ರದ ಕಡೆಯಿಂದ ಬಂದ. ಹಗ್ಗದ ಸುರುಳಿ ಕೈಯಲ್ಲೇ ಇತ್ತು.

"ಅತ್ತಿಗೆ, ಹಿಡ್ಕೊಳ್ಳಿ. ನಾಚಿಕೆ ಪಡಬೇಡಿ, ನಾವು ನಾವೇ ಅಲ್ವಾ!"

"ಬೇಡಪ್ಪ. ನಾವು ಗಾಳಿ ತಗೋತಿದೀವಿ."

"ಹಿಡ್ಕೊಳ್ಳೇ!" ಅತ್ತೆ ಸೊಸೆಯ ಸೆರಗು ಜಗ್ಗಿ ಪಿಸುಗುಟ್ಟಿದರು. "ನಂಗೆ ಅವಸರ ಆಗಿದೆ."

"ಎಂಥ ಅವಸರ?"

"ಎಲ್ಲಾ ಬಿಡಿಸಿ ಹೇಳ್ಬೇಕಾ ನಿಂಗೆ? ಎರಡು ಲೋಟ ಟೀ ಕುಡಿದು ಬಂದಿದೀನಿ!"

ಹಗ್ಗ ಹಿಡಿದರೆ ಚಣದಲ್ಲಿ ಜೆಟ್ಟಿ, ಜೆಟ್ಟಿಯ ಹಿಂದೆಯೇ ಶೌಚಾಲಯ. ಹಗ್ಗ ಹಿಡಿದರೆ ನಾಳೆಯಿಂದ ಮತ್ತೆ ಅದೇ ದಡ, ಹಣೆಗೆ ಅದೇ ಅಂಗೈ. ಅವಳು ನೀರು ಮೊಗೆಯುವ ಬಕೆಟ್ ಎತ್ತಿ ಅತ್ತೆಯ ಮುಂದಿಟ್ಟಳು.

ಅತ್ತೆ ಬಕೆಟ್ ನೋಡಿದರು, ಸೊಸೆಯನ್ನು ನೋಡಿದರು. ಆಮೇಲೆ ಗುಡುಗಿದರು: "ಲೋ! ಆ ಕಡೆ ತಿರುಗೋ! ಹಡೆದ ತಾಯಿಗೆ ಒಂದು ಮರ್ಯಾದೆ ಬೇಡ್ವಾ?"

ಮೈದುನ ತಿರುಗುವುದೇನು, ಕಿವಿ ಕೆಂಪಾಗಿ ದೋಣಿಯನ್ನೇ ತಿರುಗಿಸಿ, ದೊಡ್ಡ ಇಂಜಿನ್ ಅಬ್ಬರಿಸಿಕೊಂಡು ಒಳಗೆ ಹೋಗಿಬಿಟ್ಟ. ಇವರು ಅಳಿವೆಯಲ್ಲಿ ಸಿಕ್ಕಿಬಿದ್ದಿದ್ದಾರೆಂದು ಅಣ್ಣನಿಗೆ ಸುದ್ದಿ ಮುಟ್ಟಿಸಲು ಅಷ್ಟು ಸಾಕಿತ್ತು.

"ಕೋಪ ಬಂತಾ ಅತ್ತೆ?"

"ನಂಗೇನು ಕೋಪ? ನಂಗೇನೂ ಇಲ್ಲ" ಎನ್ನುತ್ತ ಅತ್ತೆ ಬಕೆಟ್ ಜಾಲಿಸಿ ದಢಾರನೆ ಕುಕ್ಕಿದರು. ಗಾಳ ಸುತ್ತಿ ಕುಕ್ಕಿದರು. ಬುತ್ತಿ ಡಬ್ಬ ಕುಕ್ಕಿದರು.

ಅವಳಿಗೆ ತಡೆಯಲಾರದ ನಗು ಬಂತು. ಈ ನೀರಿನ ಜೊತೆ ನಾನು ಒಂದೇ ಅಡುಗೆಮನೆಯಲ್ಲಿ ಬಾಳಿದ್ದೇನಲ್ಲ! ಅತ್ತೆಯ ದನಿ ಇಳಿದು ನಿಂತ ಮೇಲೂ ಪಾತ್ರೆಗಳು ಎಷ್ಟೋ ಹೊತ್ತು ಮಾತಾಡುತ್ತವೆ. ಆಗ ನಡುಮನೆಯಿಂದ ಹೋದವಳು ಕೆಟ್ಟಳು. ಗೋಡೆ ಸವರಿಕೊಂಡು, ಹಿತ್ತಿಲ ಬಾಗಿಲಿಂದ, ಕೈಯಲ್ಲೊಂದು ಕೆಲಸ ಹಿಡಿದು ಒಳಗೆ ಸೇರಿಕೊಳ್ಳಬೇಕು. ಅಂಚು ಮೊದಲು ತಣಿಯುತ್ತದೆ, ನಡು ಕೊನೆಗೆ.

ಅವಳು ಅಂಚಿನ ಕಡೆ ನೋಡಿದಳು. ನಡುವಿನಲ್ಲಿ ನೊರೆ ಇನ್ನೂ ಹೊರಗೆ ಓಡುತ್ತಿತ್ತು. ಕಲ್ಲುಗಳ ಪಕ್ಕದಲ್ಲಿ ಯಾರದೋ ಒಂಟಿ ಚಪ್ಪಲಿ ಆರಾಮಾಗಿ ಒಳಗೆ ತೇಲಿ ಹೋಗುತ್ತಿತ್ತು.

"ಅತ್ತೆ, ಹುಟ್ಟು ತಗೊಳ್ಳಿ. ಕಲ್ಲು ಹತ್ರ ಬಂದ್ರೆ ತಳ್ಳಿ."

"ನಂಗೆ ಆರ್ಡರ್ ಮಾಡ್ತೀಯಾ?"

"ಹೂಂ."

ಅತ್ತೆ ಹುಟ್ಟು ತಗೊಂಡರು, ಅವಳು ಲಂಗರು ಎತ್ತಿದಳು. ಚಪ್ಪಲಿಯ ಹಿಂದೆ ಹಿಂದೆ, ಇಂಜಿನ್ ಗುನುಗುವಷ್ಟೇ ಬಿಟ್ಟು, ದೋಣಿ ಕಲ್ಲಂಚಿನಲ್ಲಿ ತೆವಳಿತು. ಸಿಟ್ಟೆಲ್ಲ ಕಲ್ಲುಗಳ ಮೇಲೆ ತೀರಿಸಿಕೊಳ್ಳುತ್ತ ಅತ್ತೆ ತಳ್ಳಿದ್ದೇ ತಳ್ಳಿದ್ದು. ತಗಡಿನ ಗೋಡೆ ಈ ಸಲ ಮರ್ಯಾದೆಯಾಗಿ ಹಿಂದೆ ಉಳಿಯಿತು.

ಜೆಟ್ಟಿಯಲ್ಲಿ ಗಂಡ ಕೋಲೂರಿ ನಿಂತಿದ್ದ, ಹಣೆಗೆ ಅಂಗೈ ಅಡ್ಡ ಹಿಡಿದು. ಪಕ್ಕದಲ್ಲಿ ಮೈದುನ. ದೋಣಿ ತಾಗುವ ಮೊದಲೇ ಗಂಡ ಶುರುಮಾಡಿದ.

"ಕಲ್ಲಿನ ಪಕ್ಕ ಬರ್ತಾರೇನೇ ಯಾರಾದ್ರೂ? ಇಂಜಿನ್ ತಾಗಿದ್ರೆ? ಅಮ್ಮ ನೀರಿಗೆ ಬಿದ್ದಿದ್ರೆ? ಎಷ್ಟು ಹೊತ್ತಿಂದ ನಿಂತಿದೀನಿ ಗೊತ್ತಾ?"

"ಗೊತ್ತು" ಎಂದಳು. ಅದು ಅವಳಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರಬೇಕು. ಅವನ ದನಿ ಇಳಿದ ಮೇಲೂ ಉಳಿದದ್ದು ಹರಿದು ಹೋಗಲೆಂದು ಸುಮ್ಮನೆ ದೋಣಿ ಕಟ್ಟಿದಳು, ಮೀನಿನ ಬುಟ್ಟಿ ಮೇಲಿಟ್ಟಳು.

ಅವನು ಬುಟ್ಟಿಯೊಳಗೆ ಬಗ್ಗಿ ನೋಡಲು ಹೋಗಿ, ಬಗ್ಗಲಾರದೆ, ಸಮುದ್ರದ ಕಡೆ ಮುಖ ಮಾಡಿ ಹೇಳಿದ: "ನಾಳೆ ನೀರು ಇವತ್ತಿಗಿಂತ ತಡ ಮಾಡಿ ತಿರುಗತ್ತೆ. ಊಟ ಮಾಡ್ಕೊಂಡೇ ಹೊರಡು."

"ಅಣ್ಣಾ!" ಎಂದ ಮೈದುನ.

"ನೀನು ಸುಮ್ನಿರೋ" ಎಂದರು ಇನ್ನೂ ದೋಣಿಯಿಂದ ಇಳಿಯದ ಅತ್ತೆ. "ಏ ಹುಡುಗಿ, ಈ ಹಲಗೆ ಭಾರಿ ಒತ್ತತ್ತೆ. ನಾಳೆಗೆ ಒಂದು ದಿಂಬು ಹಾಕ್ಸು."