ಐದು ಎಲಿ, ಎರಡು ಅಡಿಕಿ

ಸಾಬೂನಿನ ನೊರಿ ಎಡಗಿವಿಯೊಳಗ ಹೊಕ್ಕದ, ಚುರುಚುರು ಅಂತ ಒಡ್ಯಾಕತ್ತದ, ಒರಸೋ ಅನ್ನಬೇಕಂದ್ರ ಚಂದ್ರಾಮನ ಉಸ್ತರಾ ಗದ್ದದ ಕೆಳಗ ಬಂದು ನಿಂತದ, ಬಾಯಿ ತೆರದ್ರ ರಕ್ತಾನೇ, ಹಜಾಮತಿಗೆ ಕುಂತ ಮನಶ್ಯಾಗ ಬಾಯಿಲ್ಲ, ಕಿವಿ ಅಷ್ಟೇ — ಅದನ್ನ ನೋಡೇ ಈ ಮಕ್ಕಳು ಶುರು ಹಚ್ಕೊಂಡಾರ, ನಾ ಎದ್ದು ಜವಾಬು ಕೊಡಂಗಿಲ್ಲಲ್ಲ, ಅದಕ್ಕ. ಮೊದಲ ದನಿ ಬುರಾನುದ್ದೀನಂದು, ಲಾರಿ ಹೊಡ್ಯಾಂವ, ಅಂವ ಒದರಿದ್ರ ಖಜೂರಿ ನಾಕಾದಾಗಿನಾವರು ಎದ್ದು ನಿಲ್ಲಬೇಕು, ಐತವಾರ ಜೇವರ್ಗ್ಯಾಗ ಫುಟ್‌ಬಾಲ್ ಕಪ್ಪಿನ ಆಟ ಅದ ಅಂತಾನ, ಇವತ್ತ ಶುಕ್ರವಾರ, ಸಂಜಿ ಬಸ್ಸಿಗೆ ಹನ್ನೊಂದು ಮಂದಿ ಹೆಸರಿನ ಚೀಟಿ ಹೋಗಬೇಕು, ಅಫಜಲಪುರದಾವರು ಸೊಲ್ಲಾಪುರದಿಂದ ಮೂರು ಮಂದಿನ್ನ ತಂದು ಕುಂದರಿಸ್ಕೊಂಡು ಮಟನ್ ತಿನಸಾಕತ್ತಾರ, ನಾವೇನ್ ಮಾಡಾಕತ್ತೀವ್ರಿ, ಊರ ಮಂದಿ ಕೊಟ್ಟ ರೊಕ್ಕ ಈ ಅಣ್ಣಾರಾಯಣ್ಣನ ಮಷೀನಿನ ಕೆಳಗ ಟ್ರಂಕಿನ್ಯಾಗ ಉಪ್ಪಿನಕಾಯಿ ಆಗ್ಯಾದ! ಆಗ್ಯಾದಪ್ಪ, ಆಗ್ಯಾದ, ನಾ ಟೇಲರ್ ಮನಶ್ಯಾ, ಗೇಣು ಬಟ್ಟಿ ಹರದು ಹೋದ್ರ ನನ್ನ ಹೊಟ್ಟಿ ಉರೀತದ, ಅದಕ್ಕಂತೇ ಹದಿನೈದು ವರ್ಷದಿಂದ ಆಳಂದದ ಫುಟ್‌ಬಾಲ್ ಟೀಮಿನ ರೊಕ್ಕ ನನ್ನ ಕೈಯಾಗ ಕೊಟ್ಟೀರಿ, ಗೋಲು ಕಾಯೋ ಕೆಲಸಾನೂ ನನಗೇ, ರೊಕ್ಕ ಕಾಯೋ ಕೆಲಸಾನೂ ನನಗೇ, ಎರಡೂ ಕಡಿ ಬಿಟ್ಟುಕೊಡಬಾರದು ಅಷ್ಟೇ. ಉಸ್ತರಾ ಮ್ಯಾಲ ಹೋತು, ಕೆಳಗ ಬಂತು. ಬೆಂಚಿನ ಮ್ಯಾಲ ಪೇಪರ ಮಡಚಿದ ಸಪ್ಪಳ, ಬೀಜದಂಗಡಿ ಕಲ್ಯಾಣಪ್ಪಕಾಕಾ, ಈಗ ಗಾದಿ ಮಾತು ಬರ್ತದ ನೋಡು — ಹಾಸಿಗಿ ಇದ್ದಷ್ಟು ಕಾಲು ಚಾಚಬೇಕಪ್ಪಾ ಬುರಾನ — ಬಂತು.

ಹೊರಗಿನಾವರು ಹೊರಗಿನಾವರೇ ಅಂತಾನ ಕಾಕಾ, ಆ ವರ್ಷ ಇಬ್ಬರನ್ನ ಕರಸಿದ್ದೆವು, ನೆನಪದ ಏನು, ಕೋಳಿ ತಿಂದ್ರು, ಮಧ್ಯಾಹ್ನ ಹೊದ್ಕೊಂಡು ಮಲಗಿದ್ರು, ಹಾಫ್ ಟೈಮಿಗೆ ಮೊಳಕಾಲು ಹಿಡ್ಕೊಂಡು ಕುಂತ್ರು, ರೊಕ್ಕ ಹೋತು ಕಪ್ಪೂ ಹೋತು, ನಮ್ಮ ಹುಡುಗರು ಸೋತ್ರ ಅಳ್ತಾವಪ್ಪಾ, ಅವರು ಸೋತ್ರ ಬಸ್ಸಿನ ಟೈಮ್ ಕೇಳ್ತಾರ. ಬರೋಬ್ಬರಿ ಮಾತು, ನೂರಕ್ಕ ನೂರು ಖರೇ, ನಾನೂ ಇದನ್ನೇ ಅಂತ ಬಂದೀನಿ — ಆದ್ರ ಬುರಾನುದ್ದೀನ ಬಿಡ್ತಾನೇನು, ಕಾಕಾ, ಅವರು ಕೂಲಿಗೆ ಬಂದಾವರು, ಈ ಸಲದ ಮಾತೇ ಬ್ಯಾರೆ, ಸೊಲ್ಲಾಪುರದಾಗ ಬಟ್ಟಿ ಗಿರಣಿ ಬಂದ್ ಬಿದ್ದದ, ಗಿರಣಿ ಟೀಮು ಒಡದು ಚೂರಾಗ್ಯಾದ, ಇಪ್ಪತ್ತು ವರ್ಷಕ್ಕೊಮ್ಮಿ ಹಿಂಗ ಖುಲ್ಲಾ ಸಿಗ್ತಾರ ಆಟಗಾರರು, ಯಾರು ಮೊದಲು ಎಲಿ ಅಡಿಕಿ ಕೊಡ್ತಾರ ಅವರ ಪಾಲು, ಆ ಗೋಲ್‌ಕೀಪರ್ ದೌಲತರಾಯ ಅದಾನಲ್ಲ, ಅಂವನ್ನ ನೋಡೀರೇನು ನೀವು, ಚಂಡು ಅಂವನ ಕೈಯಾಗ ಹೋತಂದ್ರ ಬಾವ್ಯಾಗ ಕಲ್ಲು ಬಿದ್ದಂಗ, ಮತ್ತ ಬರಂಗಿಲ್ಲ. ನೋಡೀನಲೇ, ನಾ ನೋಡೀನಿ, ನಿನಗಿಂತ ಛಲೋ ನೋಡೀನಿ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡನಂತ, ಚಂದ್ರಾಮ ಹೊದಸಿದ ಬಿಳಿ ಬಟ್ಟಿ ಒಳಗ ನನ್ನ ಕೈ ತನ್ನಷ್ಟಕ್ಕ ತಾನೇ ಅಂಗಿ ಕಿಸೆಕ್ಕ ಹೋಗ್ಯಾದ, ಅಲ್ಲೇ ಅದ ಚೀಟಿ, ಹತ್ತು ಹೆಸರು ನಾನೇ ಬರದೀನಿ, ಎರಡರಿಂದ ಹನ್ನೊಂದರ ತನಕ, ಒಂದನೇ ನಂಬರ ಮುಂದ ಜಾಗ ಖಾಲಿ ಬಿಟ್ಟೀನಿ, ಗೋಲ್‌ಕೀಪರ್ ಜಾಗ. ನನ್ನ ಹೆಸರು ನಾನೇ ಬರ್ಯಾಕ ಎರಡು ದಿನದಿಂದ ಕೈ ಏಳವಲ್ದು. ಬಲಗೈ. ಬಲಗೈ ಬೆರಳಿನ್ಯಾಗ ಎರಡು ಬಟ್ಟು ಎಂಬತ್ತನೇ ಇಸವಿಯೊಳಗ ಇಜೇರಿ ಆಟದಾಗ ಮುರದು ಏಳು ವರ್ಷ ಆತು, ಆವಾಗಿಂದ ಮಡಚಂಗಿಲ್ಲ, ಕತ್ರಿ ಹಿಡ್ಯಾಕ ಬರ್ತದ, ಸೂಜಿ ಹಿಡ್ಯಾಕ ಬರ್ತದ, ಚಂಡು ಹಿಡ್ಯಾಕ ಬರಂಗಿಲ್ಲ — ಹ್ವಾದ ವರ್ಷ ಅಫಜಲಪುರದಾಗ ಫೈನಲ್, ಮುಗ್ಯಾಕ ಎರಡೇ ಮಿನಿಟು, ಏನ್ ದೊಡ್ಡ ಶಾಟೂ ಅಲ್ಲ, ಮುದುಕಿ ನಡದಂಗ ಬಂತು ಚಂಡು, ಬಗ್ಗಿದೆ, ಸಿಕ್ಕತು ಅಂದ್ಕೊಂಡೆ, ಬಟ್ಟಿನ ಸಂದಿನಿಂದ ಜಾರಿ ಗೆರಿ ಮ್ಯಾಲ ಉರುಳಿ ಆ ಕಡಿ ಹೋಗಿ ನಿಂತಿತು, ಮುಂಜಾನಿ ಎಳದ ಹಸೀ ಸುಣ್ಣದ ಗೆರಿ, ಚಂಡಿನ ಮೈಮ್ಯಾಲ ಬೆಳ್ಳನ ಸುಣ್ಣದ ಪಟ್ಟಿ. ತೆಗ್ಗಿತ್ತು ಬಿಡೋ ಅಣ್ಣಾರಾಯ, ನೆಲಾನೇ ಸರಿ ಇದ್ದಿಲ್ಲ ಅಂದ್ರು ಎಲ್ಲಾರೂ. ತೆಗ್ಗಿದ್ದಿಲ್ಲ. ಇದ್ದಿಲ್ಲ ಅಂತ ನನಗ ಗೊತ್ತದ, ನನ್ನ ಎರಡು ಬಟ್ಟಿಗೆ ಗೊತ್ತದ.

ಗದ್ದ ಮ್ಯಾಲ ಎತ್ರಿ ಅಂತಾನ ಚಂದ್ರಾಮ, ಎತ್ತಿದೆ, ಜಂತಿ ಕಾಣ್ತದ, ಜಂತ್ಯಾಗ ಗುಬ್ಬಿ ಗೂಡು. ಸೋಮವಾರ ದೌಲತನ್ನ ಕೇಳಾಕ ನಾನೇ ಹೋಗಿದ್ದೆ ಸೊಲ್ಲಾಪುರಕ್ಕ, ಎಲ್ಲಾರೂ ಬಸ್ ಸ್ಟ್ಯಾಂಡಿಗೆ ಬಂದು ಹತ್ತಿಸಿದ್ರು, ನಮ್ಮ ಕಡಿ ಪದ್ಧತಿ ಅದ, ನಾಟಕದಾವರನ್ನ ಕರೀಲಿ, ಪೈಲವಾನನ್ನ ಕರೀಲಿ, ಐದು ಎಲಿ, ಎರಡು ಅಡಿಕಿ, ಮ್ಯಾಲ ಮುಂಗಡ ಅಂತ ಸಂಚಕಾರದ ನೋಟು, ಅದನ್ನ ಅಂವ ಕೈಯಾಗ ತಗೊಂಡ್ರ ಮಾತು ಮುಗೀತು, ಆಮ್ಯಾಲ ರಾಜಾ ಬಂದು ಕರದ್ರೂ ಬಿಟ್ಟು ಹೋಗಂಗಿಲ್ಲ, ಕೊಟ್ಟಾಂವನೂ ಹಿಂದ ಸರ್ಯಂಗಿಲ್ಲ. ನನ್ನ ಹೆಂಡತಿ ಸುಮಿತ್ರಾಬಾಯಿನೇ ಎಲಿ ತೊಳದು ಒದ್ದಿ ಬಟ್ಟ್ಯಾಗ ಸುತ್ತಿ ಕೊಟ್ಟಿದ್ಲು, ಸುಣ್ಣದ ಡಬ್ಬಿ ಮರತೀರಿ ಅಂತ ಹಿಂದ ಓಡಿ ಬಂದು ಕೊಟ್ಟಿದ್ಲು ಹೆಂಗಸು. ಗಿರಣಿ ಗೇಟಿಗೆ ದೊಡ್ಡ ಕೀಲಿ, ಹಿಂದಿನ ಬಯಲಿನ್ಯಾಗ ಕೆಲಸ ಇಲ್ಲದ ಮಂದಿ ಆಟ ಆಡಾಕತ್ತಿದ್ರು, ಹೊಟ್ಟ್ಯಾಗ ಚಿಂತಿ ಇದ್ರೂ ಕಾಲಿನ್ಯಾಗ ಇದ್ದಿಲ್ಲ ಅವರಿಗೆ, ನಾ ಗ್ವಾಡಿಗೆ ಆನಕೊಂಡು ನಿಂತೆ. ಇಪ್ಪತ್ನಾಕು ವಯಸ್ಸಿರಬೇಕು ದೌಲತಗ. ನನ್ನ ಹಾಳ ಕಣ್ಣು, ಮನಶ್ಯಾನ್ನ ನೋಡಿದ ಕೂಡ್ಲೇ ಅಳತಿ ತಗೋತದ, ಹೆಗಲು ಹತ್ತೊಂಬತ್ತು, ತೋಳು ಇಪ್ಪತ್ತಾರು, ಎದಿ ನಲವತ್ತರ ಮ್ಯಾಲ, ನಾ ಹೊಲದ ಒಂದನೇ ನಂಬರಿನ ಜರ್ಸಿ ಇಂವಗ ಆಗಂಗಿಲ್ಲ, ಹೊಸಾದು ಹೊಲೀಬೇಕು ಅಂತ ಲೆಕ್ಕ ಹಾಕಿಬಿಟ್ಟಿತು ಕಣ್ಣು, ಅಷ್ಟರಾಗ ಒಬ್ಬಾಂವ ಗೋಲಿನ ಮೂಲಿಗೆ ಚಂಡು ಕುಟ್ಟಿದ, ದೌಲತ ಹಾರಿದ, ಹಾರಲಿಲ್ಲ ಅಂವ, ಸುಮ್ಮ ಅಲ್ಲಿ ಹೋಗಿ ಇದ್ದ, ಚಂಡು ಬಂದು ಅಂವನ ಎರಡು ಅಂಗೈಯಾಗ ಕುಂತಿತು, ಸಪ್ಪಳಿಲ್ಲ. ನನಗ ಹೊಟ್ಟಿಕಿಚ್ಚಾತು. ಯಾರ ಮುಂದ ಮುಚ್ಚಿಡೂದು, ಇಲ್ಲಿ ನನ್ನೊಳಗ ನಾನೇ ಅದೀನಿ, ನಲವತ್ತೊಂದು ವಯಸ್ಸಿನ್ಯಾಗ, ಹೆಣ್ಣು ನೋಡಾಕ ಬಂದ ಮನ್ಯಾಗ ಬ್ಯಾರೆ ವರ ಕುಂತದ್ದು ಕಂಡಂಗ ಆಗಿ ಎದಿ ಸುಟ್ಟಿತು. ಆಟ ಮುಗದ ಮ್ಯಾಲ ಅಂವ ತಾನೇ ನನ್ನ ಕಡಿ ಬಂದ, ಮೈಯೆಲ್ಲಾ ಧೂಳು, ಕಾಯ್ ಕಾಕಾ, ಯಾರು ಬೇಕಾಗಿತ್ರಿ ಅಂದ, ಅರ್ಧ ಮರಾಠಿ ಅರ್ಧ ಕನ್ನಡ, ಯಾರೂ ಇಲ್ಲಪ್ಪಾ, ಹಿಂಗೇ ನಿಂತಿದ್ದೆ ಅಂದೆ. ಹಿಂಗೇ ನಿಂತಿದ್ದೆನಂತ! ಚೀಲದಾಗ ಎಲಿ ಇತ್ತು, ನೋಟು ಇತ್ತು, ಕೈ ಹಾಕಿದ್ರ ಮುಗೀತಿತ್ತು.

ಸಂಜಿ ಬಸ್ಸು. ಕಿಡಕಿ ಕಡಿ ಕುಂತೆ, ತೊಡಿ ಮ್ಯಾಲ ಎಲಿ ಗಂಟು, ಒದ್ದಿ ಬಟ್ಟಿ ನೀರು ಧೋತರಕ್ಕ ಹತ್ತಿ ತಂಪ ಹತ್ಯಾದ, ಖಜೂರಿ ಹತ್ತಿರ ಬಂದಂಗ ಒಂದೇ ಚಿಂತಿ, ಈ ಎಲಿ ಹಂಗೇ ಹೊಳ್ಳಿ ಒಯ್ದ್ರ ಸುಮಿತ್ರಾಬಾಯಿ ಕೇಳ್ತಾಳ, ಒಗದ್ರ ಪಾಪ, ಕೊಡಾಕ ಅಂತ ತಂದ ಎಲಿ ದಾರ್ಯಾಗ ಒಗೀಬಾರದು ಅಂತಿದ್ಲು ನಮ್ಮವ್ವ. ತಿಂದೆ. ಒಂದೊಂದೇ ಎಲಿ ಬಿಡಿಸಿ, ನೆಟ್ಟಗಿರೋ ಬಟ್ಟಿಲೆ ಸುಣ್ಣ ಹಚ್ಚಿ, ಅಡಿಕಿ ಕಡದು, ಐದೂ ಎಲಿ ಎರಡೂ ಅಡಿಕಿ ನಾನೇ ತಿಂದೆ, ಎಂದೂ ತಿನ್ನಲಾರದಾಂವ, ನಾಲಿಗಿ ಸುಟ್ಟಿತು, ನನಗ ನಾನೇ ಸಂಚಕಾರ ಕೊಟ್ಕೊಂಡಂಗ ಆತಲ್ಲೋ ಅಂತ ನಗೂನೂ ಬಂತು. ಮನ್ಯಾಗ ಸುಮಿತ್ರಾಬಾಯಿ ಗಂಗಾಳ ಇಡತಾ ಇಡತಾ ಬಾಯಿ ನೋಡಿದ್ಲು, ಏನ್ರಿ ಇದು, ಬಾಯಿ ಕೆಂಪಗ ಆಗ್ಯಾದ, ಅಂವ ಎಲಿ ತಗೊಂಡು ನಿಮಗೇ ತಿನಸಿದನೇನ್ರಿ ಅಂದ್ಲು, ಹೂಂ ಅಂದೆ, ಆಮ್ಯಾಲ ಉಹೂಂ ಅಂದೆ, ಆಕಿ ರೊಟ್ಟಿ ಹಾಕಿದ್ಲು. ಮರುದಿನ ಇದೇ ಅಂಗಡ್ಯಾಗ ಹೇಳಿದೆ, ಎರಡು ಸಾವಿರ ಕೇಳ್ತಾನಪ್ಪಾ, ನಮ್ಮ ಟ್ರಂಕಿನ್ಯಾಗ ಹದಿನಾಕನೂರು ಅದ, ಆಗಂಗಿಲ್ಲ ಬಿಡ್ರಿ. ಹೆಂಗ ಬಂತು ಆ ಎರಡು ಸಾವಿರ ಬಾಯಾಗ! ಕತ್ರಿ ಹಚ್ಚಿದಂಗ ನೆಟ್ಟಗ ಬಂತು. ಗೆರಿ ಮ್ಯಾಲ ಉರುಳಿತು ಚಂಡು, ಸುಣ್ಣ ಹತ್ತಿತು. ಹುಷಾರ್ ಮನಶ್ಯಾ ಅಂತಾರ ನನ್ನ, ಗಂಟು ಬಿಚ್ಚಂಗಿಲ್ಲ ಅಂತಾರ, ಬಿಚ್ಚಂಗಿಲ್ಲ ಯಾಕಂದ್ರ ಬಿಚ್ಚಿದ್ರ ಒಳಗಿಂದ ನಾ ಹೊರಗ ಬೀಳ್ತೇನಿ. ಆ ಎರಡು ಕಂಬದ ನಡುವ ನಿಂತ್ರ ಮಾತ್ರ ನಾ ಅಣ್ಣಾರಾಯ, ಹೊರಗ ಬಂದ್ರ ಪಾಯಜಮಾದ ಲಾಡಿ ಹಾಕಾಂವ, ಮಾದನಹಿಪ್ಪರಗಾದ ಹುಡುಗರು ಸುದ್ಧಾ ಗೋಲಿ ಮಾಮಾ ಗೋಲಿ ಮಾಮಾ ಅಂತ ಬಸ್ಸಿನ ಹಿಂದ ಓಡಿ ಬರತಿದ್ವು ಒಂದು ಕಾಲಕ್ಕ.

ಬಾಗಲದಾಗ ಚಪ್ಪಲಿ ಬಿಟ್ಟ ಸಪ್ಪಳ, ಒಂದು ಕಾಲು ಎಳದು ಹಾಕೋ ನಡಿಗಿ, ಪೀರಸಾಬ, ನೋಡದೇ ಗೊತ್ತಾಗ್ತದ, ಹದಿನಾರು ವರ್ಷ ಅಂವ ಮುಂದ ಆಡ್ಯಾನ ನಾ ಹಿಂದ ನಿಂತೀನಿ, ಅಂವನ ಬೆನ್ನು ನೋಡಿದಷ್ಟು ನಾ ನನ್ನ ಹೆಂಡತಿ ಮಾರಿ ನೋಡಿಲ್ಲ. ಮೊಳಕಾಲು ಹೋಗ್ಯಾದ ಅಂವಂದು, ಇದೊಂದೇ ಆಟ ಅಣ್ಣಾ, ಇದು ಮುಗೀಲಿ, ಒಂದು ಕಪ್ ಕೈಯಾಗ ಹಿಡ್ಕೊಂಡು ಬಿಟ್ಟುಬಿಡ್ತೇನಿ ಅಂತ ಅಂದಿದ್ದ, ಒಂದೂ ಗೆದ್ದಿಲ್ಲ ನಾವು, ಮೂರು ಸಲ ಫೈನಲ್, ಮೂರು ಸಲ ಹೊಳ್ಳಿ ಬಂದೀವಿ. ಬುರಾನುದ್ದೀನ ಅಂವನ್ನೂ ಎಳಕೊಂಡ, ನೀನೇ ಹೇಳು ಪೀರಾಭಾಯ್, ಒಂದು ಮಾತು ಕೇಳ್ತೀನಿ ಸಿಟ್ಟಾಗಬ್ಯಾಡ್ರಿ, ಅಂವ ಎರಡು ಸಾವಿರ ಖರೇನ ಕೇಳ್ಯಾನಂತೀರೇನು, ಗಿರಣಿ ಬಂದ್ ಬಿದ್ದು ಮನ್ಯಾಗ ಹಿಟ್ಟಿಲ್ಲದಾಂವ? — ಉಸ್ತರಾ ನಿಂತಿತು, ಚಂದ್ರಾಮನೂ ಕೇಳಾಕತ್ತಾನ, ಗಂಟಲದ ಗುಳ್ಯಾ ಮ್ಯಾಲ ಅಲಗು, ಉಗುಳು ನುಂಗಬೇಕು, ನುಂಗಿದ್ರ ಗುಳ್ಯಾ ಏಳ್ತದ, ನುಂಗಬಾರದು. ಪೀರಸಾಬ ನಕ್ಕ. ಲೇ ಬುರಾನ, ಏನ್ ಮಾತಾಡ್ತೀಲೇ, ಅಣ್ಣಾರಾಯ ರೊಕ್ಕ ಬಿಡಂಗಿಲ್ಲ ಅನ್ನು, ಒಪ್ಪತೇನಿ, ಕಂಜೂಸ್ ಅನ್ನು, ಒಪ್ಪತೇನಿ, ಸುಳ್ಳು ಹೇಳ್ತಾನ ಅಂದಿ ಅಂದ್ರ ಮಾರಿ ಒಡೀತೇನಿ ನೋಡು. ಖರೇ ಅದ ಅಂದ ಕಲ್ಯಾಣಪ್ಪಕಾಕಾ, ಬಸವಣ್ಣನ ಒಕ್ಕಲಪ್ಪಾ ಅಂವ, ಸುಳ್ಳು ಹೆಂಗ ಹೇಳ್ತಾನ. ಯಪ್ಪಾ, ಬೈರಿ ನನ್ನ, ಹೊಡೀರಿ, ಇದೊಂದು ಅನಬ್ಯಾಡ್ರಿ.

ಚಂದ್ರಾಮ ಬಟ್ಟಿ ತಗದ, ಕೂದಲು ಝಾಡಿಸಿದ, ಪಟಿಕ ತಿಕ್ಕಿದ, ಚುರ್ ಅಂತು. ಕನ್ನಡ್ಯಾಗ ನನ್ನ ಮಾರಿ, ಹಿಂದ ಪೀರಸಾಬ. ಕನ್ನಡ್ಯಾಗಿನ ಪೀರಸಾಬ ಕಿಸೆದಾಗ ಕೈ ಹಾಕ್ಯಾನ, ವಸ್ತ್ರದಾಗ ಕಟ್ಟಿದ ಏನೋ ತಗದ, ಹೊರಳಿ ಕುಂತೆ. ತಗೋ ಅಣ್ಣಾ, ಆರನೂರು ಅದ, ನಿನ್ನ ಟ್ರಂಕಿನ ಹದಿನಾಕನೂರಿಗೆ ಇದನ್ನ ಕೂಡಿಸಿದ್ರ ಎರಡು ಸಾವಿರ ಬರೋಬ್ಬರಿ ಆತಲ್ಲ, ಹನ್ನೊಂದರ ಬಸ್ಸಿಗೆ ಹೋದ್ರ ನಾಳಿಗೆ ದೌಲತನ್ನ ಕರಕೊಂಡು ಬರಬಹುದು, ನಿನ್ನ ಜಾಗ ಹೋತು ಅಂತ ತಿಳೀಬ್ಯಾಡ, ಕಪ್ ಕೊಡೂ ಮುಂದ ನೀ ನನ್ನ ಮಗ್ಗಲಕ ನಿಂದರು, ಕಪ್ ಇಬ್ಬರೂ ಕೂಡೇ ಎತ್ತೂಣ. ಇಷ್ಟು ಎಲ್ಲಿಂದ ತಂದ್ಯೋ ಅಂತ ಕೇಳ್ಯಾನ ಕಾಕಾ, ನಮ್ಮ ಮನ್ಯಾಕಿ ಪೀರಬಿ ಎರಡೂ ಆಡು ಮುಂಜಾನಿ ಸಂತ್ಯಾಗ ಮಾರಿ ಬಂದಾಳ್ರಿ, ಹಬ್ಬಕ್ಕ ಅಂತ ಸಾಕಿದ್ಲು, ಹೋಗ್ಲಿ ಬಿಡ್ರಿ, ಮುಂದಿನ ವರ್ಷ ಮತ್ತ ಆಡು ಬರ್ತಾವ, ಮೊಳಕಾಲು ಬರಂಗಿಲ್ಲ. ನಗಾಕತ್ತಾನ. ಮಾರಿದ್ಲು, ಆಗ್ಯಾದ, ಆಡು ಹೋಗ್ಯಾವ, ನನ್ನ ಬಾಯಾಗಿಂದ ನೆಟ್ಟಗ ಬಂದ ಒಂದು ಮಾತಿಗೆ ಪೀರಬಿ ಹಗ್ಗ ಬಿಚ್ಚಿ ಕೊಟ್ಟಾಳ, ವಸ್ತ್ರ ನನ್ನ ಮುಂದ, ನಾ ಬಲಗೈ ಚಾಚಿದೆ, ಎರಡು ಬಟ್ಟು ಮಡಚವಲ್ಲವು, ಗಂಟು ನಿಲ್ಲಲಿಲ್ಲ, ಜಾರಿ ನೆಲದ ಮ್ಯಾಲಿನ ಕೂದಲಾಗ ಬಿತ್ತು. ಯಾರೋ ಮಾತಾಡಾಕತ್ತಾರ, ಯಾರು, ನಾನೇ — ದೌಲತ ಏನೂ ಕೇಳಿಲ್ಲ ಪೀರಾ. ನಾ ಎಲಿ ಕೊಟ್ಟೇ ಇಲ್ಲ. ಬಸ್ಸಿನ್ಯಾಗ ನಾನೇ ತಿಂದೆ. ಹೊರಗ ಬಸ್ಸಿನ ಕಂಡಕ್ಟರ್ ಸೊಲ್ಲಾಪುರ ಸೊಲ್ಲಾಪುರ ಅಂತ ಒದರಾಕತ್ತಾನ, ಎದ್ದು ಓಡಿದ್ರ ಸಿಗ್ತದ, ಏಳಬೇಕು, ಚೀಟ್ಯಾಗ ಒಂದನೇ ನಂಬರ್ ಖಾಲಿ ಅದ, ದೌಲತನ ಹೆಸರು ಬರೀಬೇಕು, ಪೀರಸಾಬ ನನ್ನ ಮಾರಿ ನೋಡವಲ್ಲ, ಬಗ್ಗಿ ಗಂಟು ಎತ್ತಿಕೊಂಡ, ಮ್ಯಾಲಿನ ಕೂದಲು ಒರಸಾಕತ್ತಾನ, ನನ್ನ ಬಲಗೈ ನೋಡಿದ, ಎರಡು ಬಟ್ಟು ನೋಡಿದ, ಹದಿನಾರು ವರ್ಷದಾಗ ಮೊದಲ ಸಲ ನೋಡಿದ, ಹ್ವಾದ ವರ್ಷ ಅಲ್ಲಿ ತೆಗ್ಗಿದ್ದಿಲ್ಲಲ್ಲ ಅಣ್ಣಾ, ಅಂದ, ಇದ್ದಿಲ್ಲೋ, ಇದ್ದಿಲ್ಲ, ಮುದುಕಿ ನಡದಂಗ ಬಂತು, ಬಗ್ಗಿದೆ, ಬಟ್ಟಿನ ಸಂದಿನಿಂದ, ಗೆರಿ ಮ್ಯಾಲ, ಆ ಕಡಿ ಹೋಗಿ ನಿಂತಿತು, ಚಂಡು, ಮೈಮ್ಯಾಲ ಬೆಳ್ಳನ ಸುಣ್ಣ —